ಕನ್ನಡಿಯಲ್ಲಿ ಕಾಣುವವರೆಗೆ

ಅಕ್ಟೋಬರ್ 3, ಲಾಸ್ ವೇಗಸ್

ಬರೆಯಮ್ಮ, ಬರೆದರೆ ಮನಸ್ಸು ಹಗುರಾಗುತ್ತೆ ಎಂದು ಜನೀನ್ ಈ ಪುಸ್ತಕ ಕೈಗಿಟ್ಟಳು. ಮಗಳ ಮಾತು ತೆಗೆದುಹಾಕಬಾರದೆಂದು ಬರೆಯುತ್ತಿದ್ದೇನೆ. ಹಗುರಾಗುವ ಲಕ್ಷಣವಂತೂ ಸದ್ಯಕ್ಕಿಲ್ಲ.

ಹತ್ತೊಂಬತ್ತಕ್ಕೆ ಒಮಾಹಾದ ಆಸ್ಪತ್ರೆಯಲ್ಲಿ ಆರ್ಲನ್‌ಗೆ ಆಪರೇಷನ್. ಗಂಟಲಿನ ಗಡ್ಡೆಯ ಜೊತೆ ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತಾರೆ. ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದಾಗ ನನ್ನ ಗಂಡ ಕೇಳಿದ್ದೇನು ಗೊತ್ತೆ? "ಅಷ್ಟರೊಳಗೆ ಒಂದು ಆರ್‌ವಿ ಬಾಡಿಗೆಗೆ ಹಿಡ್ದು ಮರುಭೂಮಿ ಸುತ್ಕೊಂಡು ಬರ್ಬೋದಾ ಡಾಕ್ಟ್ರೇ?" ಮನೆಗೆ ಬೆಂಕಿ ಬಿದ್ದಿದೆ, ಇವನಿಗೆ ಚಳಿ ಕಾಯಿಸುವ ಯೋಚನೆ. ಉಸಿರಾಟ ಕಷ್ಟವಾದರೆ ತಕ್ಷಣ ಬನ್ನಿ, ಕೂಗಾಡಬೇಡಿ ಎಂದು ಹೇಳಿ ಅವರೂ ಬಿಟ್ಟುಬಿಟ್ಟರು. ಕೂಗಾಡಬೇಡಿ! ನೆಬ್ರಾಸ್ಕದಲ್ಲಿ ನಲವತ್ತು ವರ್ಷ ದನದ ಹರಾಜು ಕೂಗಿ ಹೊಟ್ಟೆ ಹೊರೆದವನಿಗೆ ಹೇಳುವ ಮಾತೇ ಇದು!

ಇವನು ಹೇಳುವ ಪ್ರಕಾರ ಈ ಪ್ರವಾಸ ಕೇಳಿದ್ದೇ ನಾನಂತೆ. ಮದುವೆಯಾದ ಹೊಸದರಲ್ಲಿ ಯಾವುದೋ ಕ್ಯಾಲೆಂಡರಿನ ಕೆಂಪು ಬೆಟ್ಟ ನೋಡಿ, ಇಲ್ಲಿಗೆ ಕರೆದುಕೊಂಡು ಹೋಗು ಅಂದಿದ್ದೆನಂತೆ. ನನಗೆ ನೆನಪಿಲ್ಲ. ಇವನ ಅರ್ಧ ಮಾತು ನಾನು ಕಿವಿಗೇ ಹಾಕಿಕೊಳ್ಳುವುದಿಲ್ಲ.

ಬಾಡಿಗೆ ಅಂಗಳದಲ್ಲಿ, ಒಲೆ ಹಾಸಿಗೆ ಎಲ್ಲಾ ಒಳಗೇ ಇರುವ ಆ ಮನೆಯಂಥ ಗಾಡಿ ತೋರಿಸಿದ ಹುಡುಗಿ ಒಳ್ಳೆಯವಳು. ನೀರು ಎಲ್ಲಿ ತುಂಬಿಸಬೇಕು, ಕಕ್ಕಸಿನ ಕೊಳವೆ ಎಲ್ಲಿ ಜೋಡಿಸಬೇಕು ಎಂದು ಅವಳು ಹೇಳುತ್ತಿದ್ದರೆ ಇವನು ಅದಕ್ಕೂ ಬೆಲೆ ಕೂಗಿದ. ಗೊಗ್ಗರು ದನಿಯಲ್ಲೇ. ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಬಿಸಿಲಲ್ಲಿ ನಿಂತು ನನಗೆ ಮೈಯೆಲ್ಲಾ ಉರಿ. ಹೊರಡೋಣ, ಹೊರಡೋಣ ಎಂದು ಎಷ್ಟು ಸಲ ಅಂದೆನೋ.

ಗಾಡಿ ಓಡಿಸುವುದು ನಾನೇ. ಚಿಕ್ಕಂದಿನಲ್ಲಿ ಅಪ್ಪನ ಹೊಲದ ಗೋಧಿ ಲಾರಿ ಓಡಿಸಿದವಳು. ಇವನ ಕೈಗೆ ಸ್ಟಿಯರಿಂಗ್ ಕೊಟ್ಟರೆ ರಸ್ತೆ ಬಿಟ್ಟು ಪಕ್ಕದ ದನ ನೋಡುತ್ತಾನೆ.

ಅಕ್ಟೋಬರ್ 4, ಜಯಾನ್

ಮಾನ ಹೋಯಿತು.

ಇಂಥ ಗಾಡಿಗಳು ರಾತ್ರಿ ತಂಗುವ ಕ್ಯಾಂಪಿನಲ್ಲಿ ಸಂಜೆಯ ಮನರಂಜನೆ ಎಂದರೆ ಹೊಸದಾಗಿ ಬಂದ ಗಂಡಹೆಂಡಿರು ಗಾಡಿಯನ್ನು ತಮ್ಮ ಜಾಗಕ್ಕೆ ಹಿಂದುಹಿಂದಕ್ಕೆ ತಂದು ನಿಲ್ಲಿಸುವುದನ್ನು ನೋಡುವುದು. ಮಡಚುವ ಕುರ್ಚಿ ನಮ್ಮ ಕಡೆ ತಿರುಗಿಸಿಕೊಂಡು, ಬಿಯರ್ ಡಬ್ಬಿ ಹಿಡಿದು ಎಲ್ಲರೂ ತಯಾರಾದರು. ಆರ್ಲನ್ ಇಳಿದು ಹಿಂದೆ ನಿಂತ.

"ಎಡಕ್ಕೆ! ಎಡಕ್ಕೆ ಕಣೇ!"

"ಯಾರ ಎಡಕ್ಕೆ?"

"ನಿನ್ನ... ಅಲ್ಲ ಅಲ್ಲ, ನನ್ನ... ಏ ನಿಲ್ಸೇ!"

ಅವನ ದನಿ ಇಂಜಿನ್ ಸದ್ದಿನಲ್ಲಿ ಅರ್ಧ ಕೇಳಿಸಿತು, ಅರ್ಧ ಇಲ್ಲ. ಧಡ್ ಎಂದಿತು. ಊಟದ ಕಲ್ಲುಮೇಜಿನ ಮೂಲೆಗೆ ಗುದ್ದಿದ್ದೆ. ಹಿಂದಿನ ಬಂಪರ್ ತಗ್ಗಾಗಿದೆ.

"ಕೂಗ್ಬೇಡ ಅಂತ ಡಾಕ್ಟ್ರು ಹೇಳಿಲ್ವಾ ನಿಂಗೆ?"

"ಕೂಗ್ದೇ ಇದ್ರೆ ಆ ಬೆಟ್ಟಾನೂ ಬೀಳಿಸ್ತಿದ್ದೆ ನೀನು!"

ಕುರ್ಚಿಯವರಿಗೆ ಹಬ್ಬ. ಕೊನೆಗೆ ಅವರಲ್ಲೇ ಇಬ್ಬರು ಎದ್ದು ಬಂದು ಗಾಡಿ ನಿಲ್ಲಿಸಿಕೊಟ್ಟರು. ಹಾಗೆ ಬಂದವರನ್ನು ಇವನು ಬಿಡುತ್ತಾನೆಯೇ? ಕೂರಿಸಿಕೊಂಡು ಹೆಬ್ಬಾತಿನ ಕಥೆ ಶುರು ಮಾಡಿದ. ನಾನು ಹತ್ತೊಂಬತ್ತರ ಹುಡುಗಿ, ಅಪ್ಪನ ಜೊತೆ ಹರಾಜಿಗೆ ಹೋಗಿದ್ದೆ, ಮುಖದ ಮೇಲಿನ ನೊಣ ಓಡಿಸಲು ಕೈ ಬೀಸಿದೆ, ಮೇಲೆ ನಿಂತಿದ್ದ ಇವನು "ಮೂರು ಹೆಬ್ಬಾತು, ಆ ಹುಡುಗಿಗೆ!" ಎಂದು ಮುಗಿಸಿಬಿಟ್ಟ. ಬಾತುಗಳನ್ನು ಹಿಂದಿರುಗಿಸಲು ಹೋದವಳು ಇವನಿಗೆ ಗಂಟುಬಿದ್ದೆ. ಈ ಕಥೆ ಕೇಳದವರು ನಮ್ಮ ಜಿಲ್ಲೆಯಲ್ಲಿ ಯಾರೂ ಉಳಿದಿಲ್ಲ. ನಾನು ಪಾತ್ರೆ ತೊಳೆಯುವ ನೆಪದಲ್ಲಿ ಒಳಗೆ ಬಂದೆ.

ಅಕ್ಟೋಬರ್ 5, ಜಯಾನ್

ನಿಂತಲ್ಲಿ ನಿಲ್ಲಲಾರೆ, ಕೂತಲ್ಲಿ ಕೂರಲಾರೆ. ಬೆಳಗಿನಿಂದ ನೀರಿನ ನಲ್ಲಿ ಸೋರುತ್ತಿದೆಯೇ ಎಂದು ಎಷ್ಟು ಸಲ ನೋಡಿದೆನೋ. ಸೋರುತ್ತಿಲ್ಲ. ಬೆಟ್ಟ ಕೆಂಪಗಿದೆ. ಹೊಳೆಯ ದಂಡೆಯಲ್ಲಿ ಇವನು ಕುರ್ಚಿ ಹಾಕಿಕೊಂಡು ದಾರಿಹೋಕರನ್ನೆಲ್ಲಾ ಮಾತಾಡಿಸುತ್ತಾ ಕೂತಿದ್ದಾನೆ.

ಮುಖ್ಯ ಕೆಲಸ ಆಗಲಿಲ್ಲ. ಆಸ್ಪತ್ರೆಯಲ್ಲಿ ಮಾತು ಕಲಿಸುವಾಕೆ ಒಂದಷ್ಟು ವಾಕ್ಯ ಕೊಟ್ಟಿದ್ದಾಳೆ. ಅವನ್ನೆಲ್ಲಾ ಫೋನಿಗೆ ಓದಿ ಹೇಳಿದರೆ, ಮುಂದೆ ಇವನು ಬರೆದದ್ದನ್ನು ಯಂತ್ರ ಇವನದೇ ದನಿಯಲ್ಲಿ ಹೇಳುತ್ತದಂತೆ. ಜನೀನ್ ದಿನಾ ಫೋನ್ ಮಾಡಿ ಆಯಿತೇ ಆಯಿತೇ ಎನ್ನುತ್ತಾಳೆ. ಇಂದು ಫೋನು ಮುಖಕ್ಕೆ ಹಿಡಿದೆ.

"ಓದು."

"ಮಾತು ಅಂದ್ಮೇಲೆ ಎದುರಿಗೆ ಒಬ್ರು ಬೇಕು ಕಣೇ. ಖಾಲಿ ಕೊಟ್ಟಿಗೇಲಿ ಹರಾಜು ಕೂಗೋನನ್ನ ಎಲ್ಲಾದ್ರೂ ಕಂಡಿದ್ದೀಯಾ?"

"ನಾನಿಲ್ವಾ ಎದುರಿಗೆ?"

"ನೀನಿದ್ರೆ ನಿಂಗೇ ಹೇಳ್ತೀನಿ. ಡಬ್ಬಿಗ್ಯಾಕೆ ಹೇಳ್ಲಿ?"

"ಆರ್ಲನ್, ನೀನು ಹೋದ್ಮೇಲೆ ನಂಗೆ..."

"ಹೋಗೋದು ದನಿ. ನಾನಲ್ಲ."

ಹೇಳಿ ಅತ್ತ ಹೋಗುತ್ತಿದ್ದ ಯಾರದೋ ನಾಯಿಯನ್ನು ಕರೆದ. ಇಷ್ಟು ಕೋಪ ನನಗೆ ಈಚೆಗೆ ಬಂದಿರಲಿಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ.

ಅಕ್ಟೋಬರ್ 7, ಬ್ರೈಸ್

ಜಯಾನ್ ಬಿಡುವಾಗ ಬೆಟ್ಟ ಕೊರೆದ ಸುರಂಗ. ನಮ್ಮಂಥ ಎತ್ತರದ ಗಾಡಿ ನಟ್ಟನಡುವೆಯೇ ಹೋಗಬೇಕು. ಅತ್ತ ಕಡೆಯ ವಾಹನಗಳನ್ನು ಕಾವಲಿನವರು ತಡೆದು ನಿಲ್ಲಿಸುತ್ತಾರೆ. ಒಳಗೆ ಹೊಕ್ಕಿದ್ದೇ ತಡ, ಇವನು ಶುರು.

"ಬೆಟ್ಟ ಒಂದು, ಅದ್ರೊಳಗೆ ತೂತು ಒಂದು, ಎರಡೂ ಸೇರಿ ಎಷ್ಟು, ಯಾರು ಹೇಳ್ತೀರಾ, ತೂತಿಗೆ ಬೇರೆ ದುಡ್ಡಿಲ್ಲ, ಹೇಳಿ ಹೇಳಿ..."

ಬಾಯಿ ಮುಚ್ಚು, ನನಗೆ ಗೋಡೆ ಕಾಣಬೇಕು ಅಂದೆ. ಅಂದ ಮರುಕ್ಷಣವೇ ಅವನ ದನಿ ಕತ್ತರಿಸಿದ ಹಾಗೆ ನಿಂತಿತು. ಒಂದು ಕೆಮ್ಮು, ಆಮೇಲೆ ಏನೂ ಇಲ್ಲ. ಕತ್ತಲು, ಇಂಜಿನ್ನು, ನಾನು. ಪಕ್ಕಕ್ಕೆ ತಿರುಗಿ ನೋಡುವಂತಿಲ್ಲ.

"ಆರ್ಲನ್?"

ಇಲ್ಲ.

"ಮಾತಾಡು. ಏನಾದ್ರೂ ಮಾತಾಡೋ! ಬಾತಿನ ಕಥೇನಾದ್ರೂ ಹೇಳು."

ಆ ಸುರಂಗ ಮುಗಿಯುವುದೇ ಇಲ್ಲವೇನೋ ಅನ್ನಿಸಿತು. ಬೆಳಕಿಗೆ ಬಂದು ಪಕ್ಕಕ್ಕೆ ನಿಲ್ಲಿಸಿ ನೋಡಿದರೆ, ಕಣ್ಣಲ್ಲಿ ನೀರು ಸುರಿಸಿಕೊಂಡು, ಎದೆಗೆ ಮುಷ್ಟಿ ಒತ್ತಿ ಕೂತಿದ್ದಾನೆ. ನೀರು ಕುಡಿಸಿದೆ. ಸ್ವಲ್ಪ ಹೊತ್ತಿಗೆ ಹರಕು ದನಿ ಬಂತು.

"ಕೊಳ್ಳೋರು ಯಾರೂ ಇಲ್ಲ ಅಂತ ನಿಲ್ಸಿದೆ."

ಎರಡು ಬಾರಿಸಬೇಕು ಅನ್ನಿಸಿತು. ನೀರಿನ ಬಾಟಲಿಯ ಮುಚ್ಚಳ ತಿರುಗಿಸಿ ಗಾಡಿ ಹೊರಡಿಸಿದೆ.

ಅಕ್ಟೋಬರ್ 8, ಬ್ರೈಸ್

ವಿಪರೀತ ಚಳಿ. ಕಂಬಕಂಬವಾಗಿ ನಿಂತ ಬಂಡೆಗಳನ್ನು ನೋಡಲು ಇಡೀ ಲೋಕವೇ ಬಂದಿದೆ. ಇವನಿಗೆ ಅವೆಲ್ಲಾ ಸಂತೆಗೆ ಬಂದ ರೈತರ ಹಾಗೆ ಕಾಣುತ್ತವಂತೆ. "ನೋಡು, ಒಬ್ನೂ ಬಾಯಿ ಬಿಡಲ್ಲ. ಎಲ್ಲಾ ಲೆಕ್ಕ ಹಾಕ್ತಾ ನಿಂತವ್ರೆ."

ಆಮೇಲೆ ಹೇಳಿದ ಮಾತು ಇದು, ಇವನು ಹೀಗೆ ಯೋಚಿಸುತ್ತಾನೆಂದು ನನಗೆ ಗೊತ್ತಿರಲಿಲ್ಲ: "ಹರಾಜಲ್ಲಿ ಗಂಟ್ಲು ಹರ್ಕೊಂಡೋನು ನಾನೊಬ್ನೇ ಕಣೇ. ಕೊಂಡೋರು ಯಾರೂ ಮಾತಾಡ್ಲಿಲ್ಲ. ಒಬ್ಬ ಟೋಪಿ ಮುಟ್ತಾನೆ, ಒಬ್ಬ ಕಿವಿ ತುರಿಸ್ತಾನೆ, ಒಬ್ಬ ಬರೀ ಕಣ್ಣು ಮುಚ್ಚಿ ಬಿಡ್ತಾನೆ. ಅಷ್ಟಕ್ಕೇ ನಾನು ಹಸು ಕೊಟ್ಟಿದ್ದೀನಿ. ತಪ್ಪಿದ್ದು ಒಂದೇ ಸಲ, ನಿನ್ನ ನೊಣದ ವಿಷ್ಯದಲ್ಲಿ." ಚಳಿಗೆ ಕೈ ಉಜ್ಜಿಕೊಂಡು, "ಅದೂ ತಪ್ಪಿರ್ಲಿಲ್ಲ ಬಿಡು. ನೊಣ ಅಂತ ನಂಗೂ ಕಂಡಿತ್ತು" ಎಂದ.

ಇಷ್ಟು ವರ್ಷ ಊರಿಗೆಲ್ಲಾ ಹೇಳಿದ ಕಥೆಯಲ್ಲಿ ಈ ಒಂದು ಮಾತು ಎಂದೂ ಇರಲಿಲ್ಲ! ಕಳ್ಳ.

ಗಾಡಿ ಹಿಂದಕ್ಕೆ ಹಾಕುವ ಪಾಠವೂ ಆಯಿತು. ಮೂರೇ ಸನ್ನೆ. ಬೆರಳು ತನ್ನ ಕಡೆ ಮಡಚಿದರೆ ಬಾ. ಅಂಗೈ ಯಾವ ಕಡೆ ಬೀಸುತ್ತದೋ ಆ ಕಡೆ ಗಾಡಿಯ ಹಿಂಭಾಗ. ಮುಷ್ಟಿ ಕಟ್ಟಿದರೆ ನಿಲ್ಲು. "ಮತ್ತೆ ಕನ್ನಡೀಲಿ ನಾನು ಕಾಣ್ದೇ ಹೋದ್ರೆ, ನಿಂತ್ಬಿಡು. ಕಾಣೋ ತನಕ ಅಲ್ಲಾಡ್ಬೇಡ. ಹುಡುಕ್ತೀನಿ ಅಂತ ಹಿಂದೆಮುಂದೆ ಮಾಡ್ದೆ ಅಂದ್ರೆ ನನ್ನ ಮೇಲೇ ಹತ್ತಿಸ್ತೀಯ."

ನನಗೆಲ್ಲಿ ಅಷ್ಟು ತಾಳ್ಮೆ. ಮತ್ತೆ ಒಂದು ಗಿಡ ಮುರಿದೆ.

ಅಕ್ಟೋಬರ್ 10, ಕ್ಯಾಪಿಟಲ್ ರೀಫ್

ಬೋಳು ಕೆಂಪು ಗುಡ್ಡಗಳ ನಡುವೆ ಸೇಬಿನ ತೋಟ. ಏಣಿ ಇಟ್ಟಿರುತ್ತಾರೆ, ಯಾರು ಬೇಕಾದರೂ ಹತ್ತಿ ಕೀಳಬಹುದು. ಆ ಹಣ್ಣಿನದೇ ಕಡುಬು ಅಲ್ಲೇ ಒಂದು ಹಳೆಯ ಮನೆಯಲ್ಲಿ ಸಿಗುತ್ತದೆ. ಪಕ್ಕದ ಗಾಡಿಯವರು ಐಡಾಹೊದಿಂದ ಬಂದವರು. ಲಾಯ್ಡ್ ಎಂಬ ಮುದುಕ ಮತ್ತು ಅವನ ಹೆಂಡತಿ ನಾರ್ಮಾ. ಆತ ಆಲೂಗಡ್ಡೆ ಬೆಳೆಯುವವನು. ಇವನು ಹರಾಜಿನವನೆಂದು ತಿಳಿದದ್ದೇ ತಡ, ಲಾಯ್ಡ್ ಕಡುಬಿನ ತಟ್ಟೆ ಮೇಜಿನ ಮೇಲಿಟ್ಟ.

"ಏನಾದ್ರೂ ಹರಾಜು ಹಾಕಪ್ಪ, ಕೇಳಿ ಎಷ್ಟು ಕಾಲ ಆಯ್ತು."

ಬೇಡ, ಡಾಕ್ಟರು ಬೇಡ ಅಂದಿದ್ದಾರೆ ಎಂದು ನಾನು ಬಾಯಿ ತೆಗೆಯುವಷ್ಟರಲ್ಲಿ ಆರ್ಲನ್ ಬೆಂಚಿನ ಮೇಲೆ ಹತ್ತಿ ನಿಂತಿದ್ದ. ಸುತ್ತಲಿನ ಕುರ್ಚಿಗಳು ತಿರುಗಿದವು. ಅವನು ಎದೆಯುಬ್ಬಿಸಿ ನನ್ನ ಕಡೆ ಕೈ ತೋರಿಸಿದ.

"ಬನ್ನಿ ಸ್ವಾಮಿ ಬನ್ನಿ! ನೆಬ್ರಾಸ್ಕದ ತಳಿ, ಗೋಧಿ ಹೊಲದಲ್ಲಿ ಬೆಳೆದದ್ದು, ಹಲ್ಲು ಪೂರ್ತಿ, ಕಣ್ಣು ಚುರುಕು! ಒದೆಯುತ್ತೆ, ಸುಳ್ಳು ಯಾಕೆ ಹೇಳ್ಲಿ, ಒದೆಯುತ್ತೆ! ಕೂತಲ್ಲಿ ಕೂರಲ್ಲ, ಕಟ್ಟಿದಲ್ಲಿ ನಿಲ್ಲಲ್ಲ! ಗಾಡಿ ಎಳೆಯುತ್ತೆ ಸ್ವಾಮಿ, ಮುಂದಕ್ಕೆ ಕುದುರೆ, ಹಿಂದಕ್ಕೆ ಮಾತ್ರ ಮೇಜು ನೋಡಿ ಗುದ್ದುತ್ತೆ! ಎಷ್ಟು ಹೇಳ್ತೀರಾ?"

ಗೊಗ್ಗರು ಎಲ್ಲಿ ಹೋಯಿತೋ. ಹಳೆಯ ದನಿ, ಸಂತೆಯ ದನಿ, ಆ ಗುಡ್ಡಕ್ಕೆ ಬಡಿದು ವಾಪಸು ಬರುತ್ತಿತ್ತು. ನನ್ನ ಮುಖ ಸೇಬಿಗಿಂತ ಕೆಂಪಾಗಿತ್ತು. ಲಾಯ್ಡ್ ಟೋಪಿ ಮುಟ್ಟಿದ.

"ಒಂದು ಕಡುಬು! ಐಡಾಹೊ ಯಜಮಾನ್ರು ಒಂದು ಕಡುಬು, ಎರಡು ಯಾರು, ಎರಡು ಯಾರು..."

ನಾರ್ಮಾ ಗಂಡನ ಕಡೆ ನೋಡದೆ ಎರಡು ಬೆರಳು ಎತ್ತಿದಳು. "ಇಂಥ ಒಬ್ಳು ಮನೇಲಿದ್ರೆ ಇವರು ನೆಟ್ಟಗಾಗ್ತಾರೆ!"

"ಎರಡು ಕಡುಬು, ಗಂಡನ ಮೇಲೇ ಹೆಂಡ್ತಿ! ಮೇಲೆ ಯಾರು? ಮೂರು ಯಾರು?" ಎಂದವನು ನನ್ನನ್ನೇ ನೋಡುತ್ತಾ, ಮುಖದ ಮುಂದೆ ಇಲ್ಲದ ನೊಣ ಓಡಿಸುವಂತೆ ಕೈ ಬೀಸಿದ. "ಬಂತು! ಎರಡು ಕಡುಬು, ಮೇಲೆ ಮೂರು ಹೆಬ್ಬಾತು! ಕೊಂಡೋನು ಕೂಗೋನೇ! ಒಂದು ಸಲ... ಎರಡು ಸಲ..."

ಮೂರನೆಯದು ಬರಲಿಲ್ಲ. ಬಾಯಿ ಆಡಿತು, ಕತ್ತಿನ ನರ ಉಬ್ಬಿತು, ದನಿ ಬರಲಿಲ್ಲ. ಅವನು ಬೆಂಚಿನಿಂದ ಬಗ್ಗಿ ಅಂಗೈಯಲ್ಲಿ ಮೇಜು ಬಡಿದು ಹರಾಜು ಮುಗಿಸಿದ. ಅದೂ ಆಟದ ಭಾಗವೇ ಎಂದುಕೊಂಡು ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಗೊತ್ತಾಯಿತು. ಅವನಿಗೆ ಗೊತ್ತಾದದ್ದು ಅವನ ಕಣ್ಣಿನಲ್ಲಿ ಕಂಡಿತು. ನಾನೂ ತಟ್ಟಿದೆ, ಅಂಗೈ ಉರಿಯುವ ತನಕ.

ಫೋನು ಗಾಡಿಯಲ್ಲೇ ಇತ್ತು, ಚಾರ್ಜಿಗೆ ಹಾಕಿದ್ದೆ.

ಅಕ್ಟೋಬರ್ 11, ಕ್ಯಾಪಿಟಲ್ ರೀಫ್

ಬರೀ ಉಸಿರು. ಪಿಸುಮಾತೂ ಸರಿಯಾಗಿ ಇಲ್ಲ. ಆಸ್ಪತ್ರೆಗೆ ಫೋನ್ ಮಾಡಿದೆ. ಉಸಿರಾಟ ಸರಿಯಿದ್ದರೆ ಗಾಬರಿ ಬೇಡ, ತಲೆ ಎತ್ತರಿಸಿ ಮಲಗಿಸಿ, ಇನ್ನು ಮಾತಾಡಿಸಲೇಬೇಡಿ ಎಂದರು.

ಜನೀನ್ ಅತ್ತಳು. "ಒಂದ್ ನಾಲ್ಕು ಮಾತಾದ್ರೂ ರೆಕಾರ್ಡ್ ಮಾಡಿದ್ಯಾಮ್ಮ?" ಮರೆತೆ ಅಂದೆ. ನಿಜವಾಗಿಯೂ ಮರೆತಿದ್ದೆ.

ಇದ್ದಬದ್ದ ದನಿಯನ್ನೆಲ್ಲಾ ಆ ತಮಾಷೆಗೆ ಸುರಿದುಬಿಟ್ಟನಲ್ಲ, ಇವನಿಗೆ ಚೆನ್ನಾಗಿ ಬೈಯಬೇಕಿತ್ತು. ಬೆಳಗ್ಗೆ ಬೈಯಲೆಂದೇ ಹೋದೆ. ಕಡುಬು ತಿನ್ನುತ್ತಿದ್ದ. ನಾನೂ ಒಂದು ಚೂರು ತಿಂದು ಬಂದೆ.

ಅಕ್ಟೋಬರ್ 13, ಮಾನ್ಯುಮೆಂಟ್ ವ್ಯಾಲಿ

ಇಡೀ ದಾರಿ ಗಾಡಿ ಬಿಕೋ ಎನ್ನುತ್ತಿತ್ತು. ಸಹಿಸಲಾಗದೆ ನಾನೇ ಏನೇನೋ ಹೇಳುತ್ತಾ ಬಂದೆ: ಜನೀನ್ ಹುಟ್ಟಿದ ದಿನದ ಹಿಮ, ನಮ್ಮಪ್ಪನ ಲಾರಿ, ಅತ್ತೆ ಸುಟ್ಟ ಬ್ರೆಡ್ಡು. ಒಂದು ಕಡೆ ಕಪ್ಪು ಹಸು ಕಂಡಿತು. ಗಾಡಿ ನಿಧಾನಿಸಿ, "ಸಾವಿರದಿನ್ನೂರು" ಅಂದೆ. ಇವನು ಹೆಬ್ಬೆರಳು ಮೇಲೆ ತೋರಿಸಿದ. "ಸಾವಿರದೈನೂರು?" ಇನ್ನೂ ಮೇಲೆ. "ಹುಚ್ಚಾ ನಿಂಗೆ? ಹೊಟ್ಟೆ ನೋಡು, ಒಳಗೇನೂ ಇಲ್ಲ." ಬಾಗಿ ಮತ್ತೆ ನೋಡಿ, ಹೌದೆಂದು ತಲೆ ಆಡಿಸಿದ. ಆಮೇಲೆ ಹಸು ಸಿಕ್ಕಲ್ಲೆಲ್ಲಾ ಇದೇ ಆಟ. ಬೇಗ ಬಂದುಬಿಟ್ಟೆವು.

ಇಲ್ಲಿ ಗಾಳಿಯೋ ಗಾಳಿ. ಕೆಂಪು ಧೂಳು ಹಲ್ಲಿನ ಸಂದಿಗೂ ಹೊಕ್ಕಿದೆ. ಕುರ್ಚಿ ಹಾಕಿಕೊಂಡು ನೋಡುವವರು ಒಬ್ಬರೂ ಇರಲಿಲ್ಲ. ಇವನು ಕಾಲರ್ ಎತ್ತಿಕೊಂಡು ಹಿಂದೆ ನಿಂತ. ಧೂಳೆದ್ದು ಕನ್ನಡಿಯೆಲ್ಲಾ ಕೆಂಪಾಯಿತು, ಇವನು ಮಾಯ. ಬ್ರೇಕಿನ ಮೇಲೆ ಕಾಲಿಟ್ಟು ಸುಮ್ಮನೆ ಕಾದೆ. ಧೂಳು ಇಳಿದಾಗ ಅಲ್ಲೇ ನಿಂತು ಬೆರಳು ಮಡಚುತ್ತಿದ್ದ. ಬಾ, ಬಾ. ಎಡಕ್ಕೆ. ಬಾ. ಮುಷ್ಟಿ.

ಇಳಿದು ನೋಡಿದರೆ ನೆಟ್ಟಗೆ ನಿಂತಿತ್ತು. ಜೋರಾಗಿ ಕೂಗಿಬಿಟ್ಟೆ. ಇವನು ನೊಣ ಓಡಿಸುವ ಹಾಗೆ ಕೈ ಬೀಸಿದ.

ಸಂಜೆ ಕುರ್ಚಿ ಹಾಕಿಕೊಂಡು ಆ ಎತ್ತರದ ಬಂಡೆಗಳ ನೆರಳು ಉದ್ದವಾಗುವುದನ್ನು ನೋಡಿದೆವು. ನಲ್ಲಿ ನೋಡಿದೆನೋ ಇಲ್ಲವೋ ನೆನಪಿಲ್ಲ. ಕ್ಯಾಲೆಂಡರಿನ ಚಿತ್ರ ಇಲ್ಲಿಯದೇ ಇರಬೇಕು.

ಅಕ್ಟೋಬರ್ 15, ಲಾಸ್ ವೇಗಸ್

ಗಾಡಿ ಒಪ್ಪಿಸಿದೆವು. ಅದೇ ಹುಡುಗಿ ಓಡಿಬಂದು ಹಿಂದೆ ನಿಂತು "ಬನ್ನಿ ಮೇಡಂ, ರೈಟ್, ರೈಟ್!" ಎಂದು ಕೂಗತೊಡಗಿದಳು.

"ನೀನು ಸ್ವಲ್ಪ ಸರಿಯಮ್ಮ. ನಂಗೆ ಅವನು ಕಾಣ್ಬೇಕು."

ಬಂಪರಿನ ತಗ್ಗನ್ನು ಅವಳು ಹಾಳೆಯಲ್ಲಿ ಬರೆದುಕೊಂಡಳು. ಇವನ ಮುಖ ನೋಡಿ, "ಸರ್ ಯಾಕೆ ಇಷ್ಟು ಸುಮ್ನಿದಾರೆ? ಹೋಗುವಾಗ ಎಷ್ಟು ನಗಿಸಿದ್ರು!" ಎಂದಳು.

"ಮಾತೆಲ್ಲಾ ಒಳ್ಳೆ ಬೆಲೆಗೆ ಹೋಯ್ತಮ್ಮ" ಅಂದೆ. ಇವನು ಶಬ್ದವಿಲ್ಲದೆ ಭುಜ ಕುಣಿಸಿ ನಕ್ಕ. ನಗುವಿಗೆ ದನಿ ಬೇಕಿಲ್ಲ ಎಂದು ನನಗೆ ತಿಳಿದಿರಲಿಲ್ಲ. ಹೊರಗೆ ಬಂದ ಮೇಲೆ ಅಳು ಬಂತು. ಬಿಸಿಲಿಗೆ ಕಣ್ಣು ಉರಿಯುತ್ತದೆ ಅಂದೆ. ಕರವಸ್ತ್ರ ಕೊಟ್ಟ.

ಅಕ್ಟೋಬರ್ 19, ಒಮಾಹಾ

ಬೆಳಗ್ಗೆ ಇವನನ್ನು ಆಪರೇಷನ್‌ಗೆ ಕರೆದುಕೊಂಡು ಹೋದರು. ಬಾಗಿಲು ಮುಚ್ಚಿಕೊಂಡಿತು, ಆಮೇಲೆ ಕಾಣಲಿಲ್ಲ.

"ಅಮ್ಮ, ಒಂದ್ ಕಾಫಿಗಾದ್ರೂ ಏಳು. ಸ್ವಲ್ಪ ಓಡಾಡು."

"ಬೇಡ."

"ನೀನು ಇಷ್ಟೊತ್ತು ಒಂದೇ ಕಡೆ ಕೂತಿದ್ದನ್ನ ನಾನು ಹುಟ್ದಾಗಿಂದ ನೋಡಿಲ್ಲ."

ಏನೇನೋ ಹೇಳುತ್ತಾಳೆ ಜನೀನ್. ಆ ಬಾಗಿಲಿನ ಎದುರಿಗೇ ಈ ಕುರ್ಚಿ ಇದೆ. ಇಲ್ಲೇ ಕೂತಿದ್ದೇನೆ.

ಅಕ್ಟೋಬರ್ 20, ಒಮಾಹಾ

ಒಳಗೆ ಬಿಟ್ಟರು. ಬಾಗಿಲಲ್ಲೇ ನನ್ನ ಕಾಲು ನಿಂತುಹೋಯಿತು. ಮೂಗಿನಲ್ಲಿ ಒಂದು ಕೊಳವೆ, ಕೈಯಲ್ಲಿ ಒಂದು, ಕತ್ತಿನ ನಡುವೆ ಕಾಸಗಲ ತೂತು. ಉಸಿರು ಅಲ್ಲಿಂದ ಬರುತ್ತಿದೆ, ಹೋಗುತ್ತಿದೆ. ಮುಖ ಊದಿಕೊಂಡು ಬೇರೆ ಯಾರದೋ ಹಾಗಿತ್ತು. ಮಂಚದ ಸುತ್ತ ತಂತಿ, ಕಂಬ, ಯಂತ್ರ. ಎಲ್ಲಿ ಕಾಲಿಡಬೇಕೋ ತಿಳಿಯದು, ಏನು ಹೇಳಬೇಕೋ ತಿಳಿಯದು. ನಾನು ಮಾತಾಡಿ ಅವನು ಉತ್ತರ ಕೊಡಲಾಗದೆ ಹೋದರೆ? ದೇವರೇ, ಈಗಲೇ ತಿರುಗಿ ಓಡಿಬಿಡೋಣ ಅನ್ನಿಸಿತು. ನಿಜ ಹೇಳುತ್ತೇನೆ, ಒಂದು ಹೆಜ್ಜೆ ಹಿಂದೆ ಇಟ್ಟೂ ಇದ್ದೆ.

ಕಣ್ಣು ತೆರೆದ. ನನ್ನನ್ನು ನೋಡಿದ. ಹೊದಿಕೆಯ ಮೇಲಿದ್ದ ಕೈ ನಿಧಾನವಾಗಿ ಎದ್ದಿತು, ಅಂಟುಪಟ್ಟಿ, ಸೂಜಿ ಸಮೇತ. ಎರಡು ಬೆರಳು ತನ್ನ ಕಡೆ ಮಡಚಿದ.

ಬಾ.

ಹೋದೆ. ಅಂಗೈ ಎಡಕ್ಕೆ ಬೀಸಿತು. ನೋಡಿದರೆ ನನ್ನ ಬಲಗಡೆ ಆ ಔಷಧಿಯ ಕಂಬ, ಇನ್ನೇನು ಗುದ್ದುತ್ತಿದ್ದೆ. ಎಡಕ್ಕೆ ಸರಿದೆ. ಬಾ. ಇನ್ನೂ ಬಾ. ಇನ್ನೊಂದು ಚೂರು. ಮಂಚದ ಪಕ್ಕದ ಕುರ್ಚಿ ಮೊಣಕಾಲಿಗೆ ತಾಗಿತು.

ಅವನು ಮುಷ್ಟಿ ಕಟ್ಟಿದ.

ಕೂತೆ. ಬಾಗಿಲಲ್ಲಿ ನರ್ಸ್ ನಿಂತು ನೋಡುತ್ತಿದ್ದಳು, ಏನೂ ಅರ್ಥವಾಗದ ಹಾಗೆ. "ಒಂದೇ ಸಲಕ್ಕೆ ಬಂದ್ನಲ್ಲ ನಾನು?" ಅಂದೆ. ಅವನು ಆ ಮುಷ್ಟಿಯನ್ನೇ ಮಂಚದ ಸರಳಿಗೆ ಮೂರು ಸಲ ಮೆಲ್ಲಗೆ ತಟ್ಟಿದ.